ಮಾಕಳಿ ಬಳ್ಳಿಯ ಅರಿವೆ ಗಂಟು

ಈ ಪ್ರವಾಸದ ಕೆಲವು ವಿವರಗಳು ನನ್ನ ತಲೆಯಲ್ಲಿ ಅದಲು ಬದಲಾಗಿ ಕೂತಿರಬಹುದು. ತಿರುಗಾಟ ಮುಗಿದು ವಾರದ ಮೇಲಾದ ನಂತರ ದಿನಚರಿ ಬರೆಯಲು ಕೂತೆ. ಕುಷ್ಟಗಿಯಲ್ಲಿ ಚಹಾ ಕುಡಿದದ್ದು ಅಂಗಡಿಗೆ ಹೋಗುವ ಮೊದಲೋ ಆಮೇಲೋ ಎಂಬುದರಲ್ಲಿ ನನಗೂ ಚಿಗವ್ವನಿಗೂ ಒಮ್ಮತವಿಲ್ಲ. ಚಿಗವ್ವ ಹಸಿರು ಸೀರೆ ಉಟ್ಟಿದ್ದಳೆಂದು ಬರೆದಿದ್ದೆ. ಫೋನಿನಲ್ಲಿರುವ ಚಿತ್ರದಲ್ಲಿ ಅದು ನೇರಳೆ. ಹಾಗಾಗಿ ಓದುವವರು ನನ್ನ ಬಣ್ಣಗಳನ್ನೂ ಹೊತ್ತುಗಳನ್ನೂ ಪೂರ್ತಿ ನಂಬುವುದು ಬೇಡ. ಬಳ್ಳಿಯ ವಿಷಯವನ್ನು ನಂಬಬಹುದು. ಅದರ ಚಿತ್ರಗಳನ್ನು ಬೇಕಾದಷ್ಟು ತೆಗೆದಿದ್ದೇನೆ.

ಹೊರಟದ್ದು ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ, ಧಾರವಾಡದಿಂದ. ನಾನು ಅಲ್ಲಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಅವ್ವ ನನ್ನ ಜೊತೆಗಿದ್ದಾಳೆ. ಚೀಲ ಹೆಗಲಿಗೇರಿಸುವಾಗ ಅವ್ವ ಅಡುಗೆಮನೆಯಿಂದಲೇ ಕೇಳಿದಳು, “ನೀರಿನ ಬಾಟ್ಲಿ ತಗೊಂಡ್ಯಾ?”

“ತಗೊಂಡೆ. ಚಿಗವ್ವಗ ಏನರ ಹೇಳ್ಲೇನು?”

“ಏನ ಹೇಳೂದೈತಿ? ಬಳ್ಳಿ ಆರಾಮ ಐತೇನು ಅಂತ ನಮ್ಮವ್ವ ಕೇಳ್ಯಾಳ ಅಂತ ಹೇಳು.”

ಇದು ಕುಶಲ ಕೇಳುವ ಮಾತಲ್ಲ, ಚುಚ್ಚುಮಾತು. ಚಿಗವ್ವ, ಎಂದರೆ ಶಾಂತವ್ವ, ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಅವಳನ್ನು ಯಲಬುರ್ಗಾಕ್ಕೆ ಕೊಟ್ಟಿದ್ದಾರೆ. ಹೋದ ವರ್ಷದ ಚಳಿಗಾಲದಲ್ಲಿ ಅವ್ವನಿಗೆ ಹುಬ್ಬಳ್ಳಿಯಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಬರಬೇಕಾದವರೆಲ್ಲ ಬಂದರು, ಚಿಗವ್ವ ಬರಲಿಲ್ಲ. ಆ ದಿನ ಅವಳು ತವರೂರಾದ ಸಾಣಾಪುರದ ಗುಡ್ಡ ಹತ್ತಿ ಮಾಕಳಿ ಬಳ್ಳಿಗೆ ಅರಿವೆ ಕಟ್ಟುತ್ತಿದ್ದಳೆಂದು ಆಮೇಲೆ ಯಾರ ಬಾಯಿಂದಲೋ ತಿಳಿಯಿತು. ಅವ್ವ ಮನೆಗೆ ಬಂದ ಮೇಲೆ ಚಿಗವ್ವ ಬಂದಳು, ನಾಲ್ಕು ದಿನ ಇದ್ದು ರೊಟ್ಟಿ ಬಡಿದಳು, ಅವ್ವನ ತಲೆಗೆ ಎಣ್ಣೆ ಹಚ್ಚಿದಳು. ಆದರೂ ಅವ್ವನ ಮನಸ್ಸಿನಲ್ಲಿ ಆ ಮಾತು ಕೂತುಬಿಟ್ಟಿತು. ಅಕ್ಕನಿಗಿಂತ ಬಳ್ಳಿ ಹೆಚ್ಚಾಯಿತು ಎಂಬುದು ಅವಳ ತೀರ್ಮಾನ. ಅಂದಿನಿಂದ ಇಬ್ಬರೂ ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ, ಮಳೆ ಬೆಳೆಯ ಬಗ್ಗೆ.

ಮಾಕಳಿಯನ್ನು ಕಾಣದವರಿಗಾಗಿ ಎರಡು ಮಾತು. ಇದು ಕಲ್ಲುಗುಡ್ಡಗಳಲ್ಲಿ ಬಂಡೆಯ ಬಿರುಕಿನೊಳಗೆ ಬೇರೂರಿ ಮೇಲೆ ಹಬ್ಬುವ ಕಾಡುಬಳ್ಳಿ. ಬೇರು ಗಜ್ಜರಿಯಂತೆ, ಎಂದರೆ ಕ್ಯಾರೆಟ್ಟಿನಂತೆ, ದಪ್ಪ, ಮುರಿದರೆ ಹಾಲು, ಮೂಗಿಗೆ ಸಿಹಿಯಾದ ಗಾಢ ವಾಸನೆ. ಹಸಿವು ಕೆಟ್ಟವರಿಗೆ, ಮೈ ಉಷ್ಣವಾದವರಿಗೆ ನಾಟಿ ಔಷಧಿಯಲ್ಲಿ ಕೊಡುತ್ತಾರೆ. ಮಜ್ಜಿಗೆಯಲ್ಲಿ ಹಾಕಿಟ್ಟರೆ ಬಹುಕಾಲ ಬಾಳುವ ಉಪ್ಪಿನಕಾಯಿ. ಬೇರಿಗಾಗಿ ಅಗೆದವರು ಬಳ್ಳಿಯನ್ನು ಉಳಿಸುವುದಿಲ್ಲ, ಮತ್ತೊಂದು ಬೆಳೆಯಲು ವರ್ಷಗಳು ಬೇಕು. ಹೀಗಾಗಿ ಅದು ಅಳಿವಿನಂಚಿಗೆ ಬಂದು ನಿಂತಿದೆ. ಸಾಣಾಪುರದ ಆ ಗುಡ್ಡದಲ್ಲಿ ನಮಗೆ ಗೊತ್ತಿದ್ದ ಬಳ್ಳಿಗಳು ಎರಡೇ. ಅವುಗಳಲ್ಲಿ ಕಾಯಿ ಬಿಡುವಷ್ಟು ಬಲಿತದ್ದು ಒಂದೇ.

ಕಾಯಿಗಳು ಎತ್ತಿನ ಕೋಡಿನ ಹಾಗೆ ಜೋಡಿ ಜೋಡಿಯಾಗಿ ಬಿಡುತ್ತವೆ. ಒಣಗಿ ಬಿರಿದರೆ ಬೀಜಗಳು ಎಕ್ಕದ ಬೀಜದಂತೆ ಬಿಳಿ ಅರಳೆಯ ಸಮೇತ ಗಾಳಿಗೆ ಹಾರಿಹೋಗುತ್ತವೆ. ಬಿರಿಯುವ ಮೊದಲೇ ಕಾಯಿಗೆ ಅರಿವೆಯ ಚೀಲ ಕಟ್ಟಿದರೆ ಬೀಜ ಅದರೊಳಗೇ ಉದುರುತ್ತದೆ. ಈ ಉಪಾಯವನ್ನು ಚಿಗವ್ವನಿಗೆ ಹೇಳಿಕೊಟ್ಟವಳು ನಾನೇ, ಅವ್ವನ ಆಪರೇಷನ್ನಿಗೆ ಮೊದಲಿನ ದೀಪಾವಳಿಯಲ್ಲಿ. ಹೋದ ವರ್ಷದ ಬೀಜವನ್ನು ಮಳೆಗಾಲದವರೆಗೆ ಡಬ್ಬಿಯಲ್ಲಿಟ್ಟು ಬಿತ್ತಿದಾಗ ಒಂದೂ ಮೊಳೆಯಲಿಲ್ಲ. ಮಾಕಳಿ ಬೀಜದ ಜೀವ ಚಿಕ್ಕದು. ಈ ಸಲ ಬಿಡಿಸಿದ ಕೂಡಲೇ ಮಣ್ಣಿಗೆ ಹಾಕಬೇಕು ಎಂದು ಗಟ್ಟಿ ಮಾಡಿದ್ದೆವು. ಕೊಪ್ಪಳದ ಸಸಿಮಡಿಯವರು, ಎಂದರೆ ನರ್ಸರಿಯವರು, ಅರ್ಧ ಬೀಜ ಕೇಳಿದ್ದರು, ಇನ್ನರ್ಧ ನಮ್ಮ ಕಾಲೇಜಿನ ತೋಟಕ್ಕೆ. ಚಿಗವ್ವ ಎಳ್ಳಮಾವಾಸ್ಯೆಗೆ ತವರಿಗೆ ಹೋದಾಗ ಕಾಯಿಗಳಿಗೆ ಚೀಲ ಕಟ್ಟಿ ಬಂದಿದ್ದಳು. ಈಗ ಬಿಡಿಸುವ ಕಾಲ.

ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ಗದಗ ದಾಟಿ ಕೊಪ್ಪಳಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ತಿಂದೆ. ಯಲಬುರ್ಗಾದ ಬಸ್ಸಿನಲ್ಲಿ ಹೆಂಗಸರೇ ತುಂಬಿದ್ದರು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಚಿಗವ್ವನ ತಿರುಗಾಟ ಹೆಚ್ಚಾಗಿದೆ ಎಂದು ಅವಳ ಗಂಡ, ನಮ್ಮ ಕಾಕಾ, ಫೋನಿನಲ್ಲಿ ದೂರು ಹೇಳಿದ್ದು ನೆನಪಾಯಿತು. ನನ್ನ ಪಕ್ಕದ ಮುದುಕಿ ಆಧಾರ್ ಕಾರ್ಡನ್ನು ಎಲೆ ಅಡಿಕೆಯ ಚೀಲದಲ್ಲಿಟ್ಟುಕೊಂಡಿದ್ದಳು. ಸುಣ್ಣ ಹತ್ತಿ ಅದರ ಮೇಲಿನ ಮುಖ ಅಳಿಸಿತ್ತು. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, “ಅಮ್ಮಾ, ಇದರಾಗ ನೀವ ಇಲ್ಲಲ್ರಿ” ಎಂದ. “ನಾ ಇಲ್ಲೇ ಕುಂತೀನಲ್ಲೋ, ಅದರಾಗ್ಯಾಕ ಹುಡುಕ್ತಿ” ಎಂದಳು ಮುದುಕಿ. ಟಿಕೆಟ್ ಕೊಟ್ಟ.

ಊರು ದಾಟಿದ ಮೇಲೆ ಕರಿಮಣ್ಣಿನ ಹೊಲಗಳು. ಕಡಲೆ ಕಿತ್ತು ಅಲ್ಲಲ್ಲಿ ಗುಂಪೆ ಹಾಕಿದ್ದರು, ಬಿಳಿಜೋಳ ಇನ್ನೂ ನಿಂತಿತ್ತು. ದೂರದಲ್ಲಿ ಗಾಳಿಯಂತ್ರಗಳ ಸಾಲು, ಕೆಲವು ತಿರುಗುತ್ತ, ಕೆಲವು ಸುಮ್ಮನೆ. ದಾರಿ ನಲವತ್ತು ಕಿಲೋಮೀಟರಿನ ಆಸುಪಾಸು ಇರಬೇಕು. ಬಸ್ಸು ಎಲ್ಲ ಹಳ್ಳಿಯಲ್ಲೂ ನಿಂತಿದ್ದರಿಂದ ಉದ್ದವೆನಿಸಿತು.

ಚಿಗವ್ವ ನಿಲ್ದಾಣಕ್ಕೇ ಬಂದಿದ್ದಳು. ಕುಳ್ಳು, ಗಟ್ಟಿ ಮೈ, ನಡಿಗೆ ನನಗಿಂತ ಜೋರು. ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಪಕ್ಕದಲ್ಲಿ ಮಜ್ಜಿಗೆಯ ಉಪ್ಪಿನಕಾಯಿ ಬಡಿಸಿದಳು. ಚಿಕ್ಕಂದಿನ ಮಾಕಳಿ ಉಪ್ಪಿನಕಾಯಿ ನೆನೆದು ಬಾಯಿಗಿಟ್ಟರೆ ರುಚಿ ಬೇರೆ.

“ಇದು ಮಾಕಳಿ ಅಲ್ಲಲ್ಲ ಚಿಗವ್ವಾ.”

“ಗಜ್ಜರಿ. ಅದಕ್ಕ ಹಾಕೂ ಮಸಾಲಿ, ಅದ ಮಜ್ಜಿಗಿ. ಮಾಕಳಿ ಅಂತ ತಿಳಕೊಂಡು ತಿನ್ನು. ಮಾಕಳಿ ಹಾಕೂದು ಬಿಟ್ಟು ಮೂರು ವರ್ಷ ಆತು.”

ಕಾಕಾ ತಟ್ಟೆಯಿಂದ ತಲೆ ಎತ್ತದೆ ಹೇಳಿದ, “ತಿಳಕೊಂಡು ತಿಳಕೊಂಡು ನನಗ ಗಜ್ಜರಿ ರುಚಿನ ಮರತೈತಿ.”

ನಾನು ಅವ್ವನ ಮಾತನ್ನು ಮುಟ್ಟಿಸಿದೆ. ಮುಟ್ಟಿಸಬಾರದಿತ್ತೋ ಏನೋ. ಬಳ್ಳಿ ಆರಾಮ ಇದೆಯೇ ಎಂದು ಅವ್ವ ಕೇಳಿದ್ದಾಳೆ ಎಂದಾಗ ಚಿಗವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಆಮೇಲೆ, “ನಾಡಿದ್ದು ನೋಡಿ ಹೇಳು. ನೋಡದ ಆರಾಮ ಐತಿ ಅಂತ ಹೇಳಬ್ಯಾಡ” ಎಂದು ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಚೀಲಕ್ಕೆ ಸೊಳ್ಳೆಪರದೆಯ ಅರಿವೆಯನ್ನೇ ಬಳಸಿದ್ದಾಳೆ ತಾನೇ ಎಂದು ಕೇಳಿದೆ. ಒಳಗೆ ಗಾಳಿಯಾಡದಿದ್ದರೆ ಬೀಜಕ್ಕೆ ಬೂಷ್ಟು ಬರುತ್ತದೆ. “ಸೊಳ್ಳೆಪರದೆ ಅಂತ ಯಾವಾಗ ಹೇಳಿದ್ದಿ? ಯಾವದರ ಹಳೇ ಅರಿವಿ ಅಂದಿದ್ದಿ” ಎಂದಳು. ನಾನು ಹೇಳಿದ್ದೆ ಎಂದು ನನಗೆ ಖಚಿತವಿತ್ತು. ಈಗ ಅಷ್ಟು ಖಚಿತವಿಲ್ಲ. ಅವಳು ಹಳೆಯ ಸೀರೆಯನ್ನೇ ಹರಿದು ಕಟ್ಟಿದ್ದಳು. ಮುಂದೆ ಆದದ್ದಕ್ಕೆಲ್ಲ ಇದೇ ಕಾರಣವಾಯಿತು.

ಮರುದಿನ ಬೆಳಿಗ್ಗೆ ಕುಷ್ಟಗಿಗೆ ಹೊರಟೆವು. ಸಾಣಾಪುರಕ್ಕೆ ಕೊಪ್ಪಳದ ಮೇಲಿಂದ ಹೋಗುವುದು ನೇರ. ಆದರೆ ಕುಷ್ಟಗಿಯಲ್ಲಿ ಮಹಬೂಬಸಾಬರನ್ನು ನೋಡಿಯೇ ಹೋಗಬೇಕೆಂದು ಚಿಗವ್ವ ಹಠ ಹಿಡಿದಳು. ಅವರದು ಗಿಡಮೂಲಿಕೆ, ಬೇರು ನಾರು ಮಾರುವ ಗಂಧಿಗೆ ಅಂಗಡಿ, ಅಜ್ಜನ ಕಾಲದ್ದು. ಯಾವ ಗುಡ್ಡದಲ್ಲಿ ಏನು ಅಗೆಯುತ್ತಿದ್ದಾರೆ ಎಂಬುದು ಅವರಿಗೆ ಮೊದಲು ಗೊತ್ತಾಗುತ್ತದೆ. ಬಿಳಿ ಗಡ್ಡ, ತಲೆಯ ಮೇಲೆ ಕ್ರೋಶಾ ಟೋಪಿ, ತಕ್ಕಡಿಯ ಹಿಂದೆ ದಿಂಬಿಗೆ ಒರಗಿದ್ದವರು ಚಿಗವ್ವನನ್ನು ಕಂಡು ಎದ್ದು ಕೂತರು.

“ಬರ್ರಿ ಶಾಂತಕ್ಕ. ಭಾಳ ದಿನದ ಮ್ಯಾಲ ನೆಪ್ಪಾತೇನು ನಮ್ಮ ದುಕಾನ?”

“ನೆಪ್ಪೇನೋ ದಿನಾ ಇರತೈತಿ, ಮಹಬೂಬಣ್ಣ. ಏನು, ಮಾಕಳಿ ಬಂದೈತೇನು?”

“ಇಲ್ರಿ. ಈಗೆಲ್ಲಿ ಮಾಕಳಿ. ಆಂಧ್ರದ ಕಡಿಂದ ಒಣಗಿದ್ದು ಬರತಿತ್ತು, ಅದೂ ಬಂದ್.”

ಚಿಗವ್ವ ಮೂಗನ್ನು ಎತ್ತಿ ಅಂಗಡಿಯನ್ನೆಲ್ಲ ಒಮ್ಮೆ ಮೂಸಿದಳು. “ಹಂಗಾರ ಇದೇನು ವಾಸನಿ?”

“ಊದಿನಕಡ್ಡಿರಿ.”

“ಊದಿನಕಡ್ಡಿಗೆ ಹಸಿ ಮಣ್ಣಿನ ವಾಸನಿ ಯಾವಾಗಿಂದ ಬಂತಣ್ಣಾ?”

ಮಹಬೂಬಸಾಬರು ನನ್ನ ಕಡೆ ನೋಡಿ ನಕ್ಕರು. “ನಿಮ್ಮ ಚಿಗವ್ವ ಪೊಲೀಸ್ ಖಾತೆಯೊಳಗ ಇರಬೇಕಾಗಿತ್ತು ನೋಡವ್ವ.” ಒಳಗೆ ಹೋಗಿ ಗೋಣಿತಟ್ಟಿನಲ್ಲಿ ಸುತ್ತಿದ ಬೇರುಗಳನ್ನು ತಂದು ಮುಂದಿಟ್ಟರು. ಅಂಗಡಿಯ ತುಂಬ ಆ ಸಿಹಿ ವಾಸನೆ. ಬೇರಿಗೆ ಹತ್ತಿದ್ದ ಮಣ್ಣು ಕುಷ್ಟಗಿಯ ಕರಿಮಣ್ಣಲ್ಲ; ಕೆಂಪು, ಅದರಲ್ಲಿ ಕಲ್ಲುಗುಡ್ಡದ ಮರಳು. ಒಬ್ಬ ತಂದುಕೊಟ್ಟು ಹೋದನಂತೆ, ಹೆಸರು ಗೊತ್ತಿಲ್ಲ, ಆನೆಗೊಂದಿ ಕಡೆಯದು ಎಂದನಂತೆ.

ಚಿಗವ್ವ ಒಂದು ಬೇರನ್ನು ಕೈಗೆತ್ತಿಕೊಂಡು ತುದಿಯನ್ನು ತೋರಿಸಿದಳು. ಬಳ್ಳಿ ಹೊರಡುವ ಬುಡ ಅದಕ್ಕೇ ಅಂಟಿಕೊಂಡಿತ್ತು. “ಕುತ್ತಿಗಿ ಸಮೇತ ಕಿತ್ತಾರ” ಎಂದಳು. ನನಗೂ ಅದೇ ಕಂಡಿತ್ತು. ಆನೆಗೊಂದಿ ಕಡೆಯ ಗುಡ್ಡಗಳು ಬೇಕಾದಷ್ಟಿವೆ. ಆದರೂ ನಾವಿಬ್ಬರೂ ಒಂದೇ ಗುಡ್ಡವನ್ನು ನೆನೆಯುತ್ತಿದ್ದೆವು.

“ನೀವ್ಯಾಕ ತಗೊಂಡ್ರಿ?”

“ನಾ ತಗೊಳ್ಳಿಲ್ಲಂದ್ರ ಬಾಜು ಅಂಗಡ್ಯಾಂವ ತಗೋತಾನ, ಅಕ್ಕಾ. ಕಿತ್ತಿದ್ದು ಹೆಂಗೂ ಕಿತ್ತಾಗೈತಿ.”

“ನೀವು ತಗೋತೀರಿ ಅಂತನ ಅಲ್ಲೇನು ಅವ ಕೀಳೂದು?”

ಮಹಬೂಬಸಾಬರು ಬೇರುಗಳನ್ನು ಮತ್ತೆ ಗೋಣಿತಟ್ಟಿನಲ್ಲಿ ಸುತ್ತಿದರು. ಇನ್ನು ಯಾರಾದರೂ ಹಸಿ ಬೇರು ತಂದರೆ ಮರಳಿ ಕಳಿಸುತ್ತೇನೆ, ಬಾಜು ಅಂಗಡಿಯವನಿಗೂ ಹೇಳುತ್ತೇನೆ, ಅವನು ಕೇಳಿದರೆ ಅದು ಅಲ್ಲಾನ ದಯೆ ಎಂದರು. ಚಹಾ ತರಿಸಿದರು. ಹೌದು, ಚಹಾ ಕುಡಿದದ್ದು ಆಗಲೇ ಇರಬೇಕು. ಚಿಗವ್ವ ತನ್ನ ಲೋಟವನ್ನು ಅರ್ಧ ಬಿಟ್ಟೆದ್ದಳು.

ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ಮೇಲೆ ಗಂಗಾವತಿಗೆ ಬಸ್ಸು. ಬಿಸಿಲು ಚುರುಗುಟ್ಟುತ್ತಿತ್ತು. ಎಂದೂ ಬಾಯಿ ಮುಚ್ಚದ ಚಿಗವ್ವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತಳು. ಕಿತ್ತದ್ದು ಕೆಳಗಿನ ಸಣ್ಣ ಬಳ್ಳಿಯಿರಬಹುದು, ಬೇರೆ ಗುಡ್ಡದ್ದೇ ಇರಬಹುದು ಎಂದೆ. “ಇರಬಹುದು” ಎಂದಳು. ಕನಕಗಿರಿ ದಾಟಿ ಮುಂದೆ ಹೋದಂತೆ ಕಾಲುವೆಯ ನೀರಿನ ಸೀಮೆ ಶುರುವಾಯಿತು. ಒಣ ಹೊಲಗಳು ಮುಗಿದು ಎರಡೂ ಕಡೆ ಭತ್ತದ ನಾಟಿ, ಬೆಳ್ಳಕ್ಕಿಗಳು, ಬಸ್ಸಿನೊಳಗೆ ತೆಲುಗು ಮಾತು. ಗಂಗಾವತಿಯಲ್ಲಿ ಅಕ್ಕಿ ಗಿರಣಿಗಳ ತೌಡಿನ ವಾಸನೆ ಬಂದಾಗ ಚಿಗವ್ವ ತಾನಾಗಿಯೇ ಮಾತಾಡಿದಳು: “ಹಸಿವಾಗೈತಿ.” ನಿಲ್ದಾಣದಲ್ಲಿ ಇಡ್ಲಿ ತಿಂದೆವು. ಸಾಣಾಪುರಕ್ಕೆ ಟಂಟಂ ಆಟೋ ಸಿಕ್ಕಿತು. ಚಾಲಕ ನಮ್ಮನ್ನು ಅಂಜನಾದ್ರಿಗೆ ಹೋಗುವವರೆಂದುಕೊಂಡು ಹನುಮನಹಳ್ಳಿಯಲ್ಲೇ ಇಳಿಸಲು ನೋಡಿದ.

ಹನುಮಂತ ಮಾವ ಅವ್ವನಿಗೂ ಚಿಗವ್ವನಿಗೂ ತಮ್ಮ. ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಹರಗೋಲಿನಲ್ಲಿ ತಿರುಗಿಸುತ್ತಾನೆ. ಹರಗೋಲನ್ನು ನೀರಿನ ನಡುವೆ ಬುಗುರಿಯಂತೆ ತಿರುಗಿಸಿದರೆ ಬೆಂಗಳೂರಿನವರು ಕಿರುಚಿ ಸಂತೋಷಪಡುತ್ತಾರಂತೆ. ಅಂಗಳದಲ್ಲಿ ಕೈಕಾಲು ತೊಳೆಯುತ್ತಿದ್ದವನು ನಮ್ಮನ್ನು ಕಂಡು, “ಬಂದ್ಲು ನೋಡು ಗುಡ್ಡದವ್ವ” ಎಂದ.

“ಗುಡ್ಡದ ಮ್ಯಾಲ ಯಾರರ ಅಗದಾರೇನೋ?” ಚಿಗವ್ವ ಹೊಸ್ತಿಲು ದಾಟುವ ಮೊದಲೇ ಕೇಳಿದಳು.

“ಅಗದದ್ದು ಗೊತ್ತಿಲ್ಲ. ಮಂದಿ ಮಾತ್ರ ಭಾಳ ಹತ್ತಾಕತ್ತಾರ ಈಗ. ಶನಿವಾರ, ಐತವಾರ ಜಾತ್ರಿನ. ಅಂಜನಾದ್ರಿಗೆ ಬಂದವ್ರು ಹಿಂದಿನ ಕಾಲುದಾರಿ ಹಿಡದು ಈ ಕಡಿ ಬರತಾರ.”

“ಯಾಕ?”

“ನನಗೇನ ಗೊತ್ತಕ್ಕಾ. ಬಿಸಲಾಗ ಕಲ್ಲು ಹತ್ತೂ ಮಂದಿಗೆ ಯಾಕ ಅಂತ ಕೇಳಿದ್ರ ನಮ್ಮನಿ ನಡೀತೈತೇನು?”

ಭಾನುವಾರ ಬಿಸಿಲೇರುವ ಮೊದಲೇ ಹೊರಟೆವು. ಚಿಗವ್ವನ ಕೈಯಲ್ಲಿ ನೀರು, ಕುಡಗೋಲು, ಒಂದು ಸುತ್ತು ಹುರಿಹಗ್ಗ. ನನ್ನ ಚೀಲದಲ್ಲಿ ಬೀಜ ಹಾಕಲು ಕಾಗದದ ಕವರುಗಳು. ಗುಡ್ಡವೆಂದರೆ ಒಂದರ ಮೇಲೊಂದು ಪೇರಿಸಿಟ್ಟ ಬಂಡೆಗಳು. ನಡುವೆ ಮುಳ್ಳುಕಂಟಿ, ಹುಲ್ಲು. ಅರ್ಧ ಹತ್ತುವಷ್ಟರಲ್ಲಿ ಸಣ್ಣ ಬಳ್ಳಿಯ ಜಾಗ ಬಂತು. ಅಲ್ಲಿ ಬಳ್ಳಿ ಇರಲಿಲ್ಲ. ಹಾರೆ ಹಾಕಿ ಬಂಡೆಯ ಬಿರುಕನ್ನು ಅಗಲಿಸಿದ್ದರು, ಪಕ್ಕದಲ್ಲಿ ಕೆಂಪು ಮಣ್ಣಿನ ಗುಡ್ಡೆ, ಬಾಡಿದ ಎಲೆಗಳು. ಮಹಬೂಬಸಾಬರ ಗೋಣಿತಟ್ಟಿನಲ್ಲಿದ್ದ ಮಣ್ಣು ಇದೇ. ಚಿಗವ್ವ ಕೂತು ಕೈಯಿಂದ ಮಣ್ಣನ್ನು ಕುಣಿಗೆ ಎಳೆದಳು, ಒಳಗೆ ತುಂಡು ಬೇರೇನಾದರೂ ಉಳಿದಿದೆಯೇ ಎಂದು ಬೆರಳಾಡಿಸಿದಳು. ಏನೂ ಇರಲಿಲ್ಲ. ಕುಣಿಯನ್ನು ಪೂರ್ತಿ ಮುಚ್ಚಿ ಮೇಲೊಂದು ಕಲ್ಲಿಟ್ಟಳು. “ನಡಿ” ಎಂದಳು.

ಅಲ್ಲಿಂದ ಮೇಲಿನ ಬಂಡೆಯವರೆಗೆ ನಾವಿಬ್ಬರೂ ಬೇಗ ಬೇಗ ಹತ್ತಿದೆವು. ಕೆಳಗಿನದನ್ನು ಕಿತ್ತವನು ಮೇಲಿನದನ್ನು ಬಿಡುತ್ತಾನೆಯೇ? ದಾರಿ ಹಿಂದಿನಂತಿರಲಿಲ್ಲ; ಹುಲ್ಲು ತುಳಿದು ತುಳಿದು ಬಿಳಿಯ ಕಾಲುದಾರಿ ಬಿದ್ದಿತ್ತು. ಕೊನೆಯ ಬಂಡೆಯನ್ನು ಬಳಸಿದಾಗ ನನಗೆ ಮೊದಲು ಕಂಡದ್ದು ಬಳ್ಳಿಯಲ್ಲ, ಬಣ್ಣ. ಕೆಂಪು, ಹಳದಿ, ಹಸಿರು ಅರಿವೆಯ ಗಂಟುಗಳು. ಬಳ್ಳಿಯ ಪ್ರತಿ ಕವಲಿಗೂ ಒಂದು, ಕೆಲವಕ್ಕೆ ಎರಡು. ನಡುವೆ ಹಸಿರು ಬಳೆ, ಅರಿಷಿಣ ದಾರ, ಒಂದು ಕಡೆ ಅರ್ಧ ತೆಂಗಿನಕಾಯಿ. ಬುಡದ ಬಂಡೆಗೆ ಕುಂಕುಮ ಹಚ್ಚಿದ್ದರು. ಬಳ್ಳಿ ಬದುಕಿತ್ತು. ಆದರೆ ಭಾರಕ್ಕೆ ಬಾಗಿ ಎರಡು ಕವಲು ಸೀಳಿದ್ದವು.

ಏನಾಗಿದೆ ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಗವ್ವ ಹಳೆಯ ಸೀರೆಯ ತುಂಡುಗಳಲ್ಲಿ ಕಾಯಿಗಳನ್ನು ಕಟ್ಟಿದ್ದಳು. ದಾರಿಹೋಕರು ಅವನ್ನು ಹರಕೆಯ ಗಂಟೆಂದುಕೊಂಡು ತಾವೂ ಒಂದೊಂದು ಕಟ್ಟಿ ಬೇಡಿಕೊಂಡು ಹೋಗಿದ್ದರು. ಸೊಳ್ಳೆಪರದೆಯಾಗಿದ್ದರೆ ಯಾರೂ ಹಾಗೆ ತಿಳಿಯುತ್ತಿರಲಿಲ್ಲ.

“ಎಳ್ಳಮಾಸಿಗೆ ಬಂದಾಗ ಎರಡ ಮೂರ ಬ್ಯಾರೇವು ಇದ್ವು” ಎಂದಳು ಚಿಗವ್ವ. “ದನಕಾಯಾವ್ರು ಕಟ್ಯಾರ ಅಂತ ಬಿಟ್ಟೆ.”

ನಮ್ಮ ಚೀಲಗಳನ್ನು ಹುಡುಕುವುದೇ ಕೆಲಸವಾಯಿತು. ಒಂದೊಂದನ್ನೇ ಒತ್ತಿ ನೋಡಿ, ಒಳಗೆ ಕೋಡಿನಂತೆ ಗಟ್ಟಿಯಾದದ್ದು ಸಿಕ್ಕರೆ ಅದು ನಮ್ಮದು. ಅಕ್ಕಿಯೋ ನಾಣ್ಯವೋ ಇದ್ದರೆ ಬೇರೆಯವರದು. ಮೊದಲ ಚೀಲ ಬಿಚ್ಚಿದಾಗ ಕಾಯಿ ಬಿರಿದು ಒಳಗೆಲ್ಲ ಬಿಳಿ ಅರಳೆ, ಅದರ ತುದಿಯಲ್ಲಿ ಕಂದು ಬೀಜ. ಬೂಷ್ಟು ಬಂದಿರಲಿಲ್ಲ. ಚಿಗವ್ವ ಉಸಿರು ಬಿಟ್ಟದ್ದು ಕೇಳಿಸಿತು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಒಂದು ದನಿ.

“ಯವ್ವಾ! ಯಾರ ಗಂಟು ಬಿಚ್ಚಾಕತ್ತೀರಿ?”

ನಲವತ್ತರ ಹೆಂಗಸು, ಜೊತೆಗೆ ಗಂಡ. ತಾವರಗೇರಾದ ಕಡೆಯವರು, ಅಂಜನಾದ್ರಿ ಮುಗಿಸಿ ಬಂದಿದ್ದರು. ಹೆಂಗಸಿನ ಕೈಯಲ್ಲಿ ಹಳದಿ ಅರಿವೆಯ ಗಂಟಿತ್ತು. ನಾನು ಬಾಯಿ ತೆರೆದೆ. ಇದು ಹರಕೆಯ ಬಳ್ಳಿಯಲ್ಲ, ಇದರ ಹೆಸರು ಇಂಥದ್ದು, ನಾವು ಬೀಜಕ್ಕಾಗಿ ಕಟ್ಟಿದ್ದು ಎಂದು ಪಾಠ ಒಪ್ಪಿಸುವವಳಿದ್ದೆ. ಚಿಗವ್ವ ನನ್ನ ಮೊಣಕೈ ಹಿಂಡಿದಳು.

“ನನ್ನ ಗಂಟು ನಾ ಬಿಚ್ಚಾಕತ್ತೀನವ್ವಾ.”

“ನಿಮ್ಮದ? ಕಟ್ಟಿದಾಕಿನ ಬಿಚ್ಚಬೇಕು, ಅದೂ ಬೇಡಿದ್ದು ಈಡೇರಿದ ಮ್ಯಾಲ. ಬ್ಯಾರೇದವ್ರು ಮುಟ್ಟಿದ್ರ ದೋಷ ಅವರಿಗೇ ಸುತ್ತಿಕೊಂತೈತಿ.”

“ಗೊತ್ತೈತವ್ವಾ. ಅದಕ ನನ್ನವ ಬಿಚ್ಚಾಕತ್ತೀನಿ. ಈ ಸೀರಿ ತುಂಡು ನೋಡು, ಎಲ್ಲಾ ಒಂದ ಸೀರೀವು.”

ಹೆಂಗಸು ಹತ್ತಿರ ಬಂದು ಅಂಚು ನೋಡಿ ಒಪ್ಪಿದಳು. “ಇಷ್ಟ್ಯಾಕ ಕಟ್ಟೀರಿ? ಭಾಳ ಬೇಡಿದ್ರೇನು?”

“ಒಂದ ಬೇಡಿದ್ದೆ.”

“ಆತೇನು?”

“ಆಗೈತಿ.”

ಹೆಂಗಸಿನ ಗಂಡ ಗಡಿಯಾರ ನೋಡಿ, “ಜಲ್ದಿ ಕಟ್ಟು, ಗಾಡಿಯಾಂವ ಹೊಯ್ಕೊಳ್ತಾನ” ಎಂದ. ಅವಳು ಕೇಳಲಿಲ್ಲ. “ಕೆಳಗ ಟೆಂಗಿನಕಾಯಿ ಮಾರಾಕಿ ಹೇಳಿದ್ಲು” ಎಂದಳು ನನಗೆ. “ಹೋದ ವರ್ಷ ಯಲಬುರ್ಗಾ ಕಡಿಯಾಕಿ ಒಬ್ಬಾಕಿ ಬಂದು ಮೊದಲ ಕಟ್ಟಿದ್ಲಂತ, ಬುಡದಾಗ, ಕೆಂಪು ಕುಬಸದ ಕಣ. ಅಳಕೋತ ಕಟ್ಟಿ ಹೋದ್ಲಂತ. ಆಕಿ ಬೇಡಿದ್ದು ಆತಂತ.”

ನಾನು ಚಿಗವ್ವನ ಕಡೆ ನೋಡಿದೆ. ಅವಳು ಹಗ್ಗದ ಸುತ್ತು ಬಿಚ್ಚುತ್ತಿದ್ದಳು. “ಕಾಯಿ ಮಾರಾಕಿ ಏನರ ಹೇಳ್ತಾಳ, ಆಕಿ ಕಾಯಿ ಹೋಗಬೇಕಲ್ಲ” ಎಂದಳು. ಆಮೇಲೆ ಹೆಂಗಸಿಗೆ, “ಒಂದ ಮಾತು ಕೇಳ್ತಿಯೇನವ್ವಾ? ಬಳ್ಳಿಗೆ ಭಾರ ಆಗೈತಿ, ನೋಡು, ಸೀಳೈತಿ. ಮುರದ್ರ ಎಲ್ಲಾರ ಗಂಟೂ ನೆಲಕ್ಕ ಬೀಳತಾವು. ಈ ಹಗ್ಗ ಬುಡದ ಕಲ್ಲಿಗೆ ಕಟ್ಟತೀನಿ. ನಿಂದು ಇದಕ್ಕ ಕಟ್ಟು.”

“ಹಗ್ಗಕ್ಕ ಕಟ್ಟಿದ್ರ ಮುಟ್ಟತೈತೇನು?”

“ಬುಡಕ್ಕ ಹತ್ತೇ ಐತಲ್ಲ ಹಗ್ಗ. ಮುಟ್ಟತೈತಿ.”

ಬಳ್ಳಿಯ ಎರಡೂ ಬದಿಯ ಬಂಡೆಗಳಿಗೆ ಹಗ್ಗ ಎಳೆದೆವು. ಗಂಡನೂ ಗಡಿಯಾರ ಮರೆತು ಒಂದು ತುದಿ ಬಿಗಿದ. ಹೆಂಗಸು ತನ್ನ ಹಳದಿ ಗಂಟನ್ನು ಹಗ್ಗಕ್ಕೆ ಕಟ್ಟಿ ಕಣ್ಣು ಮುಚ್ಚಿ ನಿಂತಳು. ಬೇರೆಯವರ ಗಂಟುಗಳನ್ನು ಚಿಗವ್ವ ಮುಟ್ಟಲಿಲ್ಲ. ಅವು ಇರುವ ಕವಲುಗಳಿಗೆ ಕುಡಗೋಲಿನಿಂದ ಕಡಿದ ಕವೆಗೋಲುಗಳನ್ನು ಆಸರೆ ಕೊಟ್ಟಳು, ಅಷ್ಟೆ. ಅವರಿಬ್ಬರೂ ಇಳಿದು ಹೋದ ಮೇಲೆ ನಾನು ಕೇಳಿದೆ, ನಿಜ ಹೇಳಬೇಕಾಗಿತ್ತಲ್ಲವೇ ಎಂದು.

“ಕೆಳಗಿನ ಬಳ್ಳಿಗೆ ಅರಿವಿ ಇತ್ತೇನು?” ಎಂದಳು.

ಇರಲಿಲ್ಲ. ಹಾರೆ ತಂದವನು ಅದನ್ನು ಕಿತ್ತ. ಇಲ್ಲಿಯವರೆಗೂ ಬಂದಿರಬಹುದು, ಗಂಟುಗಳನ್ನು ಕಂಡು ತಿರುಗಿ ಹೋಗಿರಬಹುದು. ಇದು ನನ್ನ ಊಹೆ, ಸಾಕ್ಷಿಯಿಲ್ಲ. ಆದರೆ ನಾನು ಬರೆದ ಲೇಖನಗಳು, ಇಲಾಖೆಯ ಫಲಕಗಳು ಆ ಗುಡ್ಡದಲ್ಲಿ ಮಾಡಲಾಗದ್ದನ್ನು ಒಂದು ತಪ್ಪು ತಿಳಿವಳಿಕೆ ಮಾಡಿರಬಹುದು ಎಂಬುದನ್ನು ತಳ್ಳಿಹಾಕಲು ನನಗೆ ಆಗಿಲ್ಲ. ಅದೇ ತಿಳಿವಳಿಕೆ ಇನ್ನೊಂದು ವರ್ಷಕ್ಕೆ ಬಳ್ಳಿಯನ್ನು ಮುರಿಯಲೂಬಹುದು.

ಕಾಯಿಗಳೆಲ್ಲ ಕವರಿಗೆ ಬಂದ ಮೇಲೆ, ಇಳಿಯುವ ಮೊದಲು, ಚಿಗವ್ವ ಬುಡದ ಹತ್ತಿರ ಕೂತು ಕಾಂಡದ ಸುತ್ತ ಇದ್ದ ಒಂದು ಗಂಟನ್ನು ಬಿಚ್ಚಿದಳು. ಬಿಸಿಲಿಗೆ ಬಣ್ಣ ಹಾರಿದ ಕೆಂಪು ಕಣ. ಅದು ಕುಬಸದ ಅರಿವೆ, ಹೊಸದನ್ನೇ ಕಟ್ಟಿದ್ದು. ಅಂಚು ಹೊಲಿಗೆ ಕಾಣದೆ ಹಾಗೇ ಇತ್ತು. ಕಾಂಡಕ್ಕೆ ಕಾಯಿ ಬಿಡುವುದಿಲ್ಲ. ಗಂಟಿನೊಳಗೆ ಕಪ್ಪಿಟ್ಟ ನಾಲ್ಕು ಅಕ್ಕಿಕಾಳು, ಒಂದು ಅರಿಷಿಣದ ಕೊಂಬು. ಅವನ್ನು ಬಂಡೆಯ ಬಿರುಕಿಗೆ ಸುರಿದು, ಕಣವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

ಆ ಗಳಿಗೆಯ ಚಿತ್ರ ನನ್ನ ಬಳಿ ಇಲ್ಲ. ಅಂಥ ಒಂದು ಕೆಂಪು ಕಣವನ್ನು ಅವ್ವ ಗುಳೇದಗುಡ್ಡದಿಂದ ತರಿಸಿ ತಂಗಿಗೆ ಉಡಿ ತುಂಬಿದ್ದು ನನಗೆ ನೆನಪಿದೆ. ಅದೇ ಇದು ಎಂದು ಗುಡ್ಡ ಇಳಿಯುವಾಗ ಅನ್ನಿಸಿತು. ಬಣ್ಣದ ವಿಷಯದಲ್ಲಿ ನನ್ನ ನೆನಪು ಎಂಥದ್ದೆಂದು ಮೊದಲೇ ಹೇಳಿದ್ದೇನೆ.

ಮಾವ ಕಟ್ಟಿಕೊಟ್ಟ ಬುತ್ತಿಯನ್ನು ಗಂಗಾವತಿಯ ನಿಲ್ದಾಣದಲ್ಲಿ ಉಂಡು ಕೊಪ್ಪಳದ ಬಸ್ಸು ಹತ್ತಿದೆವು. ಸಸಿಮಡಿಯಲ್ಲಿ ಬಿಳಿ ಅರಳೆ ಬಿಡಿಸಿ ಅರ್ಧ ಬೀಜ ಕೊಟ್ಟೆವು. ಅಲ್ಲಿಯವರು ಅಂದೇ ಮರಳು ಮಣ್ಣಿನ ಚೀಲಗಳಲ್ಲಿ ಬಿತ್ತಿದರು. ಚಿಗವ್ವ ನಿಂತು ನೋಡಿದಳು. ಆಮೇಲೆ ಬಸ್ ನಿಲ್ದಾಣ. ಅವಳ ಬಸ್ಸು ಯಲಬುರ್ಗಾಕ್ಕೆ, ನನ್ನ ಗಾಡಿಗೆ ಇನ್ನೂ ಹೊತ್ತಿತ್ತು.

ಅವಳು ಕಿಟಕಿಯ ಪಕ್ಕ ಜಾಗ ಹಿಡಿದ ಮೇಲೆ ಕೆಳಗೆ ನಿಂತು ಕೇಳಿದೆ. “ಚಿಗವ್ವಾ, ಅವ್ವ ದವಾಖಾನಿಯೊಳಗಿದ್ದಾಗ ನೀ ಗುಡ್ಡಕ್ಕ ಹೋಗಿದ್ದು ಬೀಜಕ್ಕೇನು?”

ಅವಳು ಸೊಂಟದಲ್ಲಿದ್ದ ಕಣದ ಮೇಲೆ ಕೈ ಇಟ್ಟಿದ್ದಳು, ಅಥವಾ ಚೀಲ ಹಿಡಿದಿದ್ದಳು. “ನೀರು ಭಾಳ ಹಾಕಬ್ಯಾಡ, ಕೊಳೀತಾವ” ಎಂದಳು. ಬಸ್ಸು ಹಿಂದೆ ಸರಿದು, ತಿರುಗಿ, ಹೋಯಿತು.

ಧಾರವಾಡದಲ್ಲಿ ಅವ್ವ ಬಾಗಿಲು ತೆರೆಯುತ್ತಲೇ ಕೇಳಿದಳು, “ಏನು, ಬಳ್ಳಿ ಆರಾಮ ಐತೇನು?” ಐತಿ ಎಂದೆ. ಕಣದ ಮಾತು ಎತ್ತಲಿಲ್ಲ. ನನಗೇ ಗೊತ್ತಿಲ್ಲದ್ದನ್ನು ಅವಳಿಗೆ ಏನೆಂದು ಹೇಳಲಿ?

ಇದನ್ನು ಬರೆದು ಮುಗಿಸುವ ಹೊತ್ತಿಗೆ ನಮ್ಮ ತೋಟದ ಚೀಲಗಳಲ್ಲಿ ಮೊಳಕೆ ಬಂದಿದೆ, ಎಲ್ಲದರಲ್ಲೂ ಅಲ್ಲ. ಚಿಗವ್ವನಿಗೆ ಫೋನ್ ಮಾಡಿ ಹೇಳಿದೆ. ಎಷ್ಟು ಎಲೆ, ಯಾವ ಬಣ್ಣ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂದೆಲ್ಲ ಕೇಳಿದಳು. ಪಕ್ಕದ ಕೋಣೆಯಲ್ಲಿ ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದಳು. ಎಲ್ಲಕ್ಕೂ ಉತ್ತರ ಹೇಳಿದ ಮೇಲೆ ನಾನು ದನಿ ತಗ್ಗಿಸದೆ, ಅವ್ವನಿಗೆ ಕೇಳಿಸುವ ಹಾಗೆಯೇ, ಮತ್ತೊಮ್ಮೆ ಕೇಳಿದೆ:

“ಆ ಕೆಂಪು ಕಣದಾಗ ಕಾಯಿ ಇರಲಿಲ್ಲಲ್ಲ ಚಿಗವ್ವಾ. ಅದನ್ನ ಯಾರ ಸಲುವಾಗಿ ಕಟ್ಟಿದ್ದಿ?”